ಕ್ಲಾರಿಸ್ ಬಿಟ್ಟು ಸೋರಾ ಹಾಕಿಸಬೇಕಾ? ನಾನಂತೂ ಹಾಕಿಸಲಿಲ್ಲ

ಕ್ಲಾರಿಸ್, ಸೋರಾ, ಟಿಯಾಗ್ರಾ, 105 ಅಂದರೆ ಶಿಮಾನೋ ಕಂಪನಿಯ ರೋಡ್ ಸೈಕಲ್ ಗೇರ್ ಸೆಟ್ಟುಗಳು, ಈ ಕ್ರಮದಲ್ಲೇ ಮೇಲಕ್ಕೆ ಹೋಗುತ್ತವೆ. 8 ಸ್ಪೀಡ್ ಅಂದರೆ ಹಿಂದೆ 8 ಹಲ್ಲುಚಕ್ರ, ಸೋರಾದಲ್ಲಿ 9. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಹಳೇ 8 ಸ್ಪೀಡ್ ಕ್ಲಾರಿಸ್‌ಗೆ. ಗೇರ್ ಕೇಬಲ್, ಔಟರ್ (ಕೇಬಲ್ ಓಡಾಡುವ ಹೊರಕವಚ), ಸ್ವಲ್ಪ ದೊಡ್ಡ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು), ಚೈನ್, ಇಷ್ಟು ಮಾತ್ರ ಹೊಸದು. ಎಲ್ಲ ಸೇರಿ ಮೂರು ಸಾವಿರದ ಆಚೀಚೆ ಆಯಿತು. ಸೋರಾ ಸೆಟ್ಟು ಪೂರ್ತಿ ಹಾಕಿಸಲು ಹೊರಟಿದ್ದರೆ ಅದರ ಎಷ್ಟೋ ಪಟ್ಟು ಖರ್ಚಾಗುತ್ತಿತ್ತು. ನಾನು ಓಡಿಸುವುದು ಕಾಸರಗೋಡಿನ ಕುಂಬಳೆ, ಬಂದ್ಯೋಡು, ಸೀತಾಂಗೋಳಿ ಕಡೆ, ರಜೆ ಸಿಕ್ಕಿದರೆ ಧರ್ಮತ್ತಡ್ಕದ ಮೇಲಾಗಿ ಪೊಸಡಿಗುಂಪೆ ಗುಡ್ಡೆಗೆ. ರೇಸಿಗೆ ಹೋಗುವ ಜನ ನಾನಲ್ಲ. ಅದನ್ನು ತಲೆಯಲ್ಲಿಟ್ಟುಕೊಂಡೇ ಮುಂದೆ ಓದಿ.

ಅಪ್‌ಗ್ರೇಡ್ ಯೋಚನೆ ಬಂದದ್ದೇ ಮಳೆಗಾಲದಲ್ಲಿ. ಗೇರ್ ಸೋಮಾರಿಯಾಯಿತು. ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಸರಿಯಾಗಿ ಏರುತ್ತದೆ, ಸಣ್ಣದಕ್ಕೆ ಇಳಿಯುವುದಿಲ್ಲ. ಲಿವರ್ ಟಿಕ್ ಅನ್ನುತ್ತದೆ, ಚೈನ್ ಅಲ್ಲೇ ಕೂತಿರುತ್ತದೆ, ಆಮೇಲೆ ಯಾವಾಗಲೋ ಒಂದು ಗುಂಡಿ ಹಾರಿದಾಗ ಒಟ್ಟಿಗೇ ಎರಡು ಗೇರ್ ಕೆಳಗೆ ಬೀಳುತ್ತದೆ. ಅಂಗಡಿಯೊಂದರಲ್ಲಿ ತೋರಿಸಿದರೆ, 8 ಸ್ಪೀಡ್ ಎಲ್ಲ ಹಾಗೇ, ಸೋರಾ ಹಾಕಿ, ದುಡ್ಡಿದ್ದರೆ ಟಿಯಾಗ್ರಾ ಹಾಕಿ ಅಂದರು. ಸೈಕಲ್ ಮುಟ್ಟಿಯೂ ನೋಡಲಿಲ್ಲ.

ದುಡ್ಡು ಬಿಚ್ಚುವ ಮೊದಲು ಓಡಿಸಿ ನೋಡೋಣ ಅಂತ ಗೆಳೆಯನ ಸೋರಾ ಸೈಕಲನ್ನು ಕೆಲವು ವಾರ ಇಟ್ಟುಕೊಂಡೆ. ಭಾವನ ಹತ್ತಿರ 11 ಸ್ಪೀಡಿನ 105 ಉಂಟು, ಅದನ್ನೂ ಇದೇ ರಸ್ತೆಗಳಲ್ಲಿ ಓಡಿಸಿದೆ.

ಲಿವರ್ ಹಿತ ಅಂತ ನೋಡಿದರೆ 105 ಮುಂದೆ ಉಳಿದ ಎರಡೂ ಸಪ್ಪೆ. ಬೆರಳು ತಾಗಿಸಿದರೆ ಸಾಕು, ಗೇರ್ ಬಿದ್ದಾಯಿತು. ಅದರಲ್ಲಿ ವಾದವೇ ಇಲ್ಲ. ಸೋರಾ ಕ್ಲಾರಿಸ್‌ಗಿಂತ ಸ್ವಲ್ಪ ಮೆದು. ಬ್ರೇಕ್ ಹಿಡಿತದಲ್ಲಿ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ತೂಕದ ಮಾತು ಬಿಡಿ, ಊಟದಲ್ಲಿ ಎರಡು ತುತ್ತು ಕಮ್ಮಿ ಮಾಡಿದರೂ ಅಷ್ಟು ಇಳಿಯುತ್ತದೆ.

ನನ್ನನ್ನು ತಡೆದದ್ದು ಏರು ರಸ್ತೆಯ ಲೆಕ್ಕ. 9 ಸ್ಪೀಡ್ ಅಂದಾಗ ಒಂದು ಗೇರ್ ಜಾಸ್ತಿ, ಹಾಗಾಗಿ ಗುಡ್ಡೆ ಹತ್ತುವುದು ಸಲೀಸು ಅಂತ ಅನ್ನಿಸುತ್ತದೆ ಅಲ್ವಾ? ಹಲ್ಲು ಎಣಿಸಿ ನೋಡಿ, ಹಿಂದೆ ಹಲ್ಲು ಜಾಸ್ತಿಯಾದಷ್ಟು ತುಳಿಯುವುದು ಹಗುರ. 8 ಸ್ಪೀಡಿನ 11-32 ಕ್ಯಾಸೆಟ್ಟಿನಲ್ಲಿ 11, 13, 15, 18, 21, 24, 28, 32. 9 ಸ್ಪೀಡಿನ 11-32ರಲ್ಲಿ 11, 12, 14, 16, 18, 21, 24, 28, 32. ಅಂದರೆ 18ರಿಂದ 32ರವರೆಗೆ, ನಾವು ಗುಡ್ಡೆ ಹತ್ತುವಾಗ ಬಳಸುವ ಐದೂ ಗೇರ್, ಎರಡರಲ್ಲೂ ಅದೇ. ಜಾಸ್ತಿ ಕೊಟ್ಟ ದುಡ್ಡಿಗೆ ಸಿಗುವ ಆ ಒಂದು ಗೇರ್ ವೇಗದ ಕಡೆಗೆ ಸೇರಿದೆ. ಹೆದ್ದಾರಿಯಲ್ಲಿ ಗುಂಪಿನ ಜೊತೆ ಹೋಗುವವರಿಗೆ 13ರಿಂದ 15ಕ್ಕೆ ಹಾರುವುದು ಕಾಲಿಗೆ ಗೊತ್ತಾಗುತ್ತದೆ, ಅವರಿಗೆ ಇದು ಬೇಕು. ನನಗೆ ಬೇಡ.

ನನ್ನ ಸೈಕಲಿನ ಜೊತೆ ಬಂದ ಕ್ಯಾಸೆಟ್ 11-28. ಮುಂದೆ 34 ಹಲ್ಲಿನ, ಹಿಂದೆ 28 ಹಲ್ಲಿನ ಹಲ್ಲುಚಕ್ರ ಇಟ್ಟು ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 9.2 ಕಿಲೋಮೀಟರ್ ವೇಗ. 32 ಇದ್ದರೆ ಸುಮಾರು 8. ಧರ್ಮತ್ತಡ್ಕದಿಂದ ಮೇಲಿನ ಚಡಾವಿನಲ್ಲಿ ಈ ಒಂದು ಕಿಲೋಮೀಟರಿನ ವ್ಯತ್ಯಾಸ ಏನು ಅಂತ ನನ್ನ ಮೊಣಕಾಲು ಹೇಳುತ್ತದೆ. ಅದಕ್ಕೆ ಬೇಕಾದದ್ದು ಕ್ಯಾಸೆಟ್ ಮತ್ತು ಉದ್ದದ ಚೈನ್ ಮಾತ್ರ, ಶಿಫ್ಟರ್ (ಗೇರ್ ಲಿವರ್) ಅಲ್ಲ. ಕ್ಲಾರಿಸ್ ಆರ್2000ರ ಹಿಂದಿನ ಡಿರೈಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ, ಉದ್ದ ಕೇಜಿನ (ಚೈನ್ ಹಿಡಿಯುವ ತೋಳಿನ) ಜಿಎಸ್ ಮಾದರಿ ಆಗಿದ್ದರೆ 34 ಹಲ್ಲಿನವರೆಗೂ ತಡೆಯುತ್ತದೆ. ಕೊಳ್ಳುವ ಮೊದಲು ನಿಮ್ಮದು ಯಾವುದು ಅಂತ ಒಮ್ಮೆ ಬಗ್ಗಿ ನೋಡಿ.

ಈಗ ಆ ಇಳಿಯದ ಗೇರಿನ ಕಥೆಗೆ ಬರುತ್ತೇನೆ. ನಿಜವಾದ ತಲೆನೋವು ಅದೇ.

ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಏರಿಸುವುದು ನಮ್ಮ ಬೆರಳು. ಲಿವರ್ ಒತ್ತಿದರೆ ಕೇಬಲ್ ಎಳೆಯುತ್ತದೆ, ಕೇಬಲ್ ತುಕ್ಕು ಹಿಡಿದಿದ್ದರೂ ಬಲ ಹಾಕಿ ಎಳೆಯಬಹುದು. ಸಣ್ಣ ಹಲ್ಲುಚಕ್ರಕ್ಕೆ ಇಳಿಸುವುದು ಮಾತ್ರ ಡಿರೈಲರಿನೊಳಗಿನ ಸ್ಪ್ರಿಂಗ್. ಕೇಬಲ್ ಔಟರಿನೊಳಗೆ ಸಿಕ್ಕಿಕೊಂಡರೆ ಆ ಪುಟ್ಟ ಸ್ಪ್ರಿಂಗಿಗೆ ಅದನ್ನು ಎಳೆದುಕೊಳ್ಳಲು ಆಗುವುದಿಲ್ಲ. ಹಾಗಾಗಿ ಏರುವುದು ಸರಿಯಿದ್ದು ಇಳಿಯುವುದು ತಡವಾದರೆ ಶಿಫ್ಟರಿಗೆ ಬೈಯುವ ಮೊದಲು ಕೇಬಲ್ ನೋಡಬೇಕು.

ನೋಡಬೇಕಾದ ಜಾಗ ಹಿಂದಿನ ಚಕ್ರದ ಹತ್ತಿರ ಔಟರ್ ಬಳುಕಿ ಡಿರೈಲರಿಗೆ ಹೋಗುವ ಆ ಗೇಣುದ್ದದ ತುಂಡು. ನೀರು ಎಲ್ಲ ಇಳಿದು ಬಂದು ನಿಲ್ಲುವುದು ಅಲ್ಲೇ. ಕಾಸರಗೋಡಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ, ಉಳಿದ ದಿನಗಳಲ್ಲಿ ಕಡಲಿನ ಉಪ್ಪುಗಾಳಿ, ಮೇಲಿಂದ ಮುರಕಲ್ಲಿನ ಕೆಂಪು ರಾಡಿ. ನಾನು ಬಿಚ್ಚಿದಾಗ ಔಟರಿನ ತುದಿಯ ಟೊಪ್ಪಿ ಡಿರೈಲರಿಗೆ ಅಂಟಿಕೊಂಡು ಕೂತಿತ್ತು, ಇಕ್ಕಳದಲ್ಲಿ ತಿರುವಿ ತೆಗೆಯಬೇಕಾಯಿತು. ಕೇಬಲ್ ಎಳೆದರೆ ಅದರ ಜೊತೆ ಕಂದು ಬಣ್ಣದ ಗಸಿ ಬಂತು. ಕೊನೆಯ ನಾಲ್ಕು ಇಂಚಿನಲ್ಲಿ ಎಳೆಗಳು ಬಿಟ್ಟುಕೊಂಡು ಬೆರಳಿಗೆ ಚುಚ್ಚುತ್ತಿದ್ದವು.

ಅದಕ್ಕಿಂತ ಸಿಟ್ಟು ಬಂದದ್ದು ಇನ್ನೊಂದಕ್ಕೆ. ಆ ತುಂಡು ಗೇರ್ ಔಟರೇ ಅಲ್ಲ! ಹಿಂದೆ ಸರ್ವಿಸ್ ಮಾಡಿದ ಯಾರೋ ಬ್ರೇಕ್ ಔಟರ್ ಕತ್ತರಿಸಿ ಹಾಕಿದ್ದರು. ಕತ್ತರಿಸಿದ ತುದಿಯನ್ನು ನೋಡಿದರೆ ಯಾರಿಗೂ ಗೊತ್ತಾಗುತ್ತದೆ. ಬ್ರೇಕ್ ಔಟರಿನೊಳಗೆ ತಂತಿ ಸುರುಳಿ ಸುತ್ತಿರುತ್ತದೆ, ದಪ್ಪ ಸಾಮಾನ್ಯವಾಗಿ 5 ಮಿಲಿಮೀಟರ್. ಗೇರ್ ಔಟರಿನಲ್ಲಿ ಸಣ್ಣ ತಂತಿಗಳು ಉದ್ದಕ್ಕೆ ನಿಂತಿರುತ್ತವೆ, ದಪ್ಪ 4. ಸುರುಳಿ ಒತ್ತಿದರೆ ಸ್ವಲ್ಪ ಕುಗ್ಗುತ್ತದೆ. ಬ್ರೇಕಿಗೆ ಅದು ಪರವಾಗಿಲ್ಲ. ಗೇರಿಗೆ ಅಷ್ಟು ಸಾಕು, ಲೆಕ್ಕ ತಪ್ಪುತ್ತದೆ. 8 ಸ್ಪೀಡಿನಲ್ಲಿ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಇರುವುದೇ 4.8 ಮಿಲಿಮೀಟರ್. ಇದನ್ನು ಉಲ್ಟಾ ಮಾಡಿ ಬ್ರೇಕಿಗೆ ಗೇರ್ ಔಟರ್ ಮಾತ್ರ ಯಾವತ್ತೂ ಹಾಕಿಸಬೇಡಿ, ಜೋರಾಗಿ ಹಿಡಿದಾಗ ಒಡೆದು ಬಿಚ್ಚಿಕೊಂಡರೆ ಬ್ರೇಕೇ ಇಲ್ಲ.

ಹೊಸ ಗೇರ್ ಔಟರ್, ಸ್ಟೀಲ್ ಕೇಬಲ್ ಹಾಕಿದ ಮೇಲೆ ಅದೇ ಕ್ಲಾರಿಸ್, ಅದೇ ಲಿವರ್, ಟಕ್ ಅಂದರೆ ಟಕ್ ಬೀಳುತ್ತದೆ. ಗೆಳೆಯನ ಸೋರಾ ಕೂಡ ಆಟಿ ತಿಂಗಳ ಮಳೆ ಮುಗಿಯುವ ಹೊತ್ತಿಗೆ ಇಳಿಯಲು ಗೊಣಗತೊಡಗಿತ್ತು. ಅದು ಸೋರಾದ ತಪ್ಪಲ್ಲ, ಮಳೆಯ ಕೆಲಸ. ಆದರೆ ಸ್ಪೀಡ್ ಹೆಚ್ಚಾದಷ್ಟು ಈ ಕೊಳೆಗೆ ಸಹನೆ ಕಮ್ಮಿ. ಹಲ್ಲುಚಕ್ರಗಳ ನಡುವಿನ ದೂರ 9 ಸ್ಪೀಡಿನಲ್ಲಿ 4.35 ಮಿಲಿಮೀಟರ್, 10ರಲ್ಲಿ 3.95ರ ಹತ್ತಿರ. 8 ಸ್ಪೀಡ್ ನುಂಗಿಕೊಳ್ಳುವ ಸಣ್ಣ ಸಡಿಲವನ್ನು 10 ಸ್ಪೀಡ್ ತೋರಿಸಿಯೇ ತೋರಿಸುತ್ತದೆ. ನಮ್ಮ ಊರಿಗೆ 8 ಸ್ಪೀಡಿನ ದಪ್ಪ ಚೈನೇ ಲಾಯಕ್ಕು ಅಂತ ನನಗೆ ಅನ್ನಿಸುವುದು ಇದಕ್ಕೇ. ಯಾವ ಸೆಟ್ಟೇ ಇರಲಿ, ಮಳೆ ಬಿಟ್ಟ ಮೇಲೆ ಕೇಬಲ್ ಬದಲಿಸಿ, ಲಿವರಿನೊಳಗೆ ಕೇಬಲ್ ತಿರುಗುವ ಕಡೆ ಎಳೆ ಬಿಟ್ಟಿದೆಯಾ ನೋಡಿ. ಅಲ್ಲಿ ತುಂಡಾದರೆ ಅದರ ತಲೆಯನ್ನು ಹೊರಗೆ ತೆಗೆಯುವುದು ಬೇರೆಯೇ ಒಂದು ಯಜ್ಞ.

ಟಿಯಾಗ್ರಾ 4700 ಚೆನ್ನಾಗಿದೆ, ಆದರೆ ಅರ್ಧ ಅರ್ಧ ಕೊಳ್ಳುವವರಿಗೆ ಅಲ್ಲ. ಅದರ ಕೇಬಲ್ ಎಳೆತದ ಅಳತೆ ಬೇರೆ, ಕ್ಲಾರಿಸ್ ಅಥವಾ ಸೋರಾದ ಹಿಂದಿನ ಡಿರೈಲರ್ ಅದರ ಶಿಫ್ಟರಿಗೆ ಹೊಂದುವುದಿಲ್ಲ. 11 ಸ್ಪೀಡ್ 105ಕ್ಕೆ ಹೋದರೆ ಚಕ್ರವನ್ನೂ ನೋಡಬೇಕು, ಯಾಕೆಂದರೆ 11 ಸ್ಪೀಡಿನ ರೋಡ್ ಕ್ಯಾಸೆಟ್ಟುಗಳಿಗೆ ಸಾಮಾನ್ಯವಾಗಿ 1.85 ಮಿಲಿಮೀಟರ್ ಅಗಲ ಜಾಸ್ತಿ ಇರುವ ಫ್ರೀಹಬ್ (ಹಿಂದಿನ ಹಬ್ಬಿನಲ್ಲಿ ಕ್ಯಾಸೆಟ್ ಕೂರುವ ಭಾಗ) ಬೇಕು, 8 ಸ್ಪೀಡಿನ ಹಳೇ ಹಬ್ಬಿನಲ್ಲಿ ಅವು ಕೂರುವುದಿಲ್ಲ. 2022ರಲ್ಲಿ ಬಂದ, ಬ್ಯಾಟರಿಯಲ್ಲಿ ಗೇರ್ ಬದಲಿಸುವ 105 ಬಗ್ಗೆ ಕೇಳಬೇಡಿ, ಆ ರೇಟಿಗೆ ನನ್ನ ಸೈಕಲ್ಲೇ ಎರಡು ಬರುತ್ತದೆ.

ಲಿವರೇ ಒಳಗೆ ಮುರಿದಿದ್ದರೆ ಆಗ ಸೋರಾ ಯೋಚಿಸಬಹುದು. 8, 9, 10ರ ಕ್ಯಾಸೆಟ್ಟುಗಳು ಒಂದೇ ಹಬ್ಬಿಗೆ ಕೂರುತ್ತವೆ, ಚಕ್ರ ಬದಲಿಸುವ ತಾಪತ್ರಯ ಇಲ್ಲ. ಕ್ಲಾರಿಸ್ ಡಿರೈಲರನ್ನೇ ಇಟ್ಟುಕೊಂಡು 9 ಸ್ಪೀಡ್ ಶಿಫ್ಟರ್, ಕ್ಯಾಸೆಟ್, ಚೈನ್ ಹಾಕಿದರೂ ನಡೆಯುತ್ತದೆ. 105 ಬೇಕೇ ಬೇಕು ಅಂತ ಮನಸ್ಸಿದ್ದವರು ಬಿಡಿ ಬಿಡಿಯಾಗಿ ಕೊಳ್ಳದೆ ಈಗಿನದನ್ನು ಮಾರಿ 105 ಇರುವ ಸೈಕಲ್ಲನ್ನೇ ತೆಗೆದುಕೊಳ್ಳಿ. ಭಾವ ಮಾಡಿದ್ದೂ ಹಾಗೇ, ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಮೊದಲ ವಾರವೇ ಹಿಂದಿನ ಕೇಬಲ್ ಬದಲಿಸಿದ.