ಮೂರು ಮಳೆಗಾಲ ಕಂಡ ಪೌಚ್ ಸೀಲಿಂಗ್ ಯಂತ್ರ

ಬದಿಯಡ್ಕದ ನಮ್ಮ ದಂತ ಚಿಕಿತ್ಸಾಲಯಕ್ಕೆ ಈ ಯಂತ್ರ ಬಂದು ಮೂರು ಮಳೆಗಾಲ ಕಳೆದವು. ಒಂದು ಬದಿ ಕಾಗದ, ಇನ್ನೊಂದು ಬದಿ ಪ್ಲಾಸ್ಟಿಕ್ ಇರುವ ರೀಲನ್ನು ಪೌಚಿನ, ಅಂದರೆ ಚೀಲದ, ಅಳತೆಗೆ ಕತ್ತರಿಸಿ, ಉಪಕರಣ ಹಾಕಿ, ಎರಡೂ ತುದಿಗಳನ್ನು 180 ಡಿಗ್ರಿ ಬಿಸಿಯಲ್ಲಿ ಒತ್ತಿ, ಹಬೆಯಲ್ಲಿ ಶುದ್ಧೀಕರಿಸುವ ಆಟೋಕ್ಲೇವಿಗೆ ಇಡುವುದು ನನ್ನ ಕೆಲಸ. ಮೊದಲ ವರ್ಷ ದೂರಲು ಏನೂ ಸಿಗಲಿಲ್ಲ.

ಎರಡನೆಯ ವರ್ಷದ ಆಟಿ ತಿಂಗಳಲ್ಲಿ, ಕಪಾಟಿನಲ್ಲಿ ಎರಡು ತಿಂಗಳು ಕುಳಿತಿದ್ದ ಹಲ್ಲು ಕೀಳುವ ಇಕ್ಕಳವನ್ನು ತೆಗೆದರೆ ಪೌಚಿನ ಒಂದು ಮೂಲೆ ತಾನಾಗಿಯೇ ಬಾಯಿ ಬಿಟ್ಟಿತ್ತು. ಪೌಚಿನ ಮೇಲೆ ಅಚ್ಚಾದ ಸೂಚಕದ ಬಣ್ಣವೇನೋ ಸರಿಯಾಗಿಯೇ ಬದಲಾಗಿತ್ತು. ಹಬೆ ತಗುಲಿತೆಂದಷ್ಟೇ ಅದು ಹೇಳುತ್ತದೆ. ಆಮೇಲೆ ಸೀಲ್ ಉಳಿಯಿತೇ ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ.

ಅಂದಿನಿಂದ ನನಗೆ ಪರೀಕ್ಷೆಯ ಹುಚ್ಚು ಹಿಡಿಯಿತು. ಹಬೆಯಲ್ಲಿ ಶುದ್ಧೀಕರಿಸುವ ಪೌಚಿನ ಸೀಲ್ 15 ಮಿ.ಮೀ. ಅಗಲಕ್ಕೆ ಕನಿಷ್ಠ 1.5 ನ್ಯೂಟನ್ ಸೆಳೆತ ತಾಳಬೇಕೆಂದು ಯುರೋಪಿನ ಇಎನ್ 868-5 ಮಾನದಂಡ ಹೇಳುತ್ತದೆ. ಎಂದರೆ ಸುಮಾರು 153 ಗ್ರಾಂ ಭಾರ. ಪ್ರಯೋಗಾಲಯದ ಸಲಕರಣೆ ನಮಗೆಲ್ಲಿ? ಸೀಲಿನ ಅಷ್ಟಗಲದ ತುಂಡು ಕತ್ತರಿಸಿ, ಕಾಗದದ ತುದಿಯನ್ನು ಮೊಳೆಗೆ ಸಿಕ್ಕಿಸಿ, ಪ್ಲಾಸ್ಟಿಕ್ ತುದಿಗೆ ಪಕ್ಕದ ಅಂಗಡಿಯ 100 ಮತ್ತು 50 ಗ್ರಾಂ ತೂಕದ ಕಲ್ಲುಗಳನ್ನು ಕ್ಲಿಪ್ಪಿನಿಂದ ತೂಗಿಬಿಟ್ಟೆ. ಬೆಳಗಿನ ಸೀಲ್ ಅಲುಗಲಿಲ್ಲ. ಸಂಜೆಯದು ಸರ್ರನೆ ಬಿಚ್ಚಿಕೊಂಡಿತು; ಕಲ್ಲು ಬಿದ್ದ ಸದ್ದಿಗೆ ಡಾಕ್ಟರು ರೋಗಿಯ ಬಾಯಿಯಿಂದ ತಲೆಯೆತ್ತಿ ನೋಡಿದರು. ಗಟ್ಟಿ ಸೀಲನ್ನು ಸುಲಿದರೆ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಪಟ್ಟಿ ಎಲ್ಲೂ ಕಡಿಯದೆ ಉಳಿಯುತ್ತದೆ. ಇಲ್ಲಿ ಅರ್ಧ ಅಂಗುಲ ಗಾಜಿನಂತೆ ಬೋಳಾಗಿತ್ತು.

ಕಳ್ಳ ಸಿಕ್ಕಿದ್ದು ಕರೆಂಟಿನಲ್ಲಿ. ಸಂಜೆ ವೋಲ್ಟೇಜ್ ಇಳಿದಾಗ ಯಂತ್ರದ ಸೀಲ್ ಒತ್ತುವ ಪಟ್ಟಿ ಪೂರ್ತಿ ಬಿಸಿಯಾಗುವುದಿಲ್ಲ, ಆದರೂ ಹಸಿರು ದೀಪ ಹತ್ತುತ್ತದೆ. ಆ ದೀಪ ಸಮಯ ನೋಡುತ್ತದೆ, ಬಿಸಿಯನ್ನಲ್ಲ.

ಮಾರಿದವರಿಗೆ ಫೋನ್ ಮಾಡಿದರೆ, "ರೀಲಿನ ಮೇಲೆ ಐದು ವರ್ಷದ ಅವಧಿ ಇದೆಯಲ್ಲ ಅಕ್ಕಾ" ಎಂದರು. ಅಂಥ ಅವಧಿಯನ್ನು ಪೌಚುಗಳನ್ನು 55 ಡಿಗ್ರಿಯಲ್ಲಿಟ್ಟು ಬೇಗ ಮುದಿಯಾಗಿಸಿ ಅಂದಾಜು ಮಾಡುತ್ತಾರೆ. ಹತ್ತು ಡಿಗ್ರಿ ಏರಿದರೆ ಮುಪ್ಪಿನ ವೇಗ ಇಮ್ಮಡಿ ಎಂಬ ಲೆಕ್ಕ. 25 ಡಿಗ್ರಿಯ ಒಂದು ವರ್ಷ ಅಲ್ಲಿ ಸುಮಾರು 46 ದಿನಗಳಲ್ಲಿ ಮುಗಿಯುತ್ತದೆ. ಆದರೆ ಕಾರ್ಖಾನೆ ಸೀಲ್ ಮಾಡಿದ್ದು ರೀಲಿನ ಎರಡು ಅಂಚುಗಳನ್ನು ಮಾತ್ರ. ಬಾಯಿ ಮುಚ್ಚಿದವಳು ನಾನು!

ಈಗ ಸ್ಟೆಬಿಲೈಸರ್ ಹಾಕಿಸಿದ್ದೇವೆ. ಬೆಳಗ್ಗೆ, ಸಂಜೆ ಒಂದೊಂದು ಖಾಲಿ ಪೌಚ್ ಮುಚ್ಚಿ ಸುಲಿದು ನೋಡುತ್ತೇನೆ. ಕಳೆದ ಮಳೆಗಾಲದಲ್ಲಿ ಒಂದೂ ಬಾಯಿ ಬಿಡಲಿಲ್ಲ. ಟೆಫ್ಲಾನ್ ಪಟ್ಟಿಯನ್ನು ಎರಡು ಸಲ ಬದಲಿಸಿದ್ದೇನೆ, ಐದು ನಿಮಿಷದ ಕೆಲಸ. ಐದರಲ್ಲಿ ಮೂರು ನಕ್ಷತ್ರ. ಬಿಸಿಯನ್ನು ಅಂಕಿಯಲ್ಲಿ ತೋರಿಸಿದ್ದರೆ ನಾಲ್ಕು ಕೊಡುತ್ತಿದ್ದೆ.