ಸಿಸೇರಿಯನ್ ಹೊಲಿಗೆಗೆ ಯಾವ ಡ್ರೆಸ್ಸಿಂಗ್? ಗಾಜ್, ಪ್ಯಾಡ್ ಇರುವ ಅಂಟುಪಟ್ಟಿ, ಪಾರದರ್ಶಕ ಫಿಲ್ಮ್, ಹೈಡ್ರೋಕೊಲಾಯ್ಡ್

ಸಿಸೇರಿಯನ್ ಗಾಯ ಇರುವ ಜಾಗವೇ ಕಷ್ಟದ್ದು. ಕಿಬ್ಬೊಟ್ಟೆಯಲ್ಲಿ ಅಡ್ಡಕ್ಕೆ 10ರಿಂದ 15 ಸೆಂ.ಮೀ. ಉದ್ದದ ಗೆರೆ. ಹೆರಿಗೆಯಾದ ಹೊಟ್ಟೆ ಸಡಿಲವಾಗಿ ಅದರ ಮೇಲೆ ಮಡಿಚಿ ಬೀಳುತ್ತದೆ, ಕೂತು ಎದ್ದಾಗಲೆಲ್ಲ ಮಡಿಕೆ ಉಜ್ಜುತ್ತದೆ. ಮಂಗಳೂರು, ಉಡುಪಿ, ಕಾರವಾರದ ಸೆಕೆಯಲ್ಲಿ ಆ ಮಡಿಕೆಯೊಳಗೆ ಬೆವರು ಆರುವುದೇ ಇಲ್ಲ. ಮುಂಗೈ ಮೇಲೆ ಚೆನ್ನಾಗಿ ಕೂರುವ ಡ್ರೆಸ್ಸಿಂಗ್ ಇಲ್ಲಿ ಎರಡನೇ ದಿನಕ್ಕೇ ಅಂಚು ಬಿಡುತ್ತದೆ. ಅದಕ್ಕೇ ನಾಲ್ಕನ್ನೂ ಇದೇ ಜಾಗದಲ್ಲಿ ಬಳಸಿ ಹೋಲಿಸಬೇಕು.

ಮೊದಲು ಒಂದು ಮಾತು. ಹೊಲಿಗೆ ಹಾಕಿ ಮುಚ್ಚಿದ ಗಾಯದ ಅಂಚುಗಳು 24ರಿಂದ 48 ಗಂಟೆಯೊಳಗೆ ಮೇಲ್ಪದರದಲ್ಲಿ ಕೂಡಿಕೊಳ್ಳುತ್ತವೆ. ಡ್ರೆಸ್ಸಿಂಗ್‌ನ ಮುಖ್ಯ ಕೆಲಸ ಅಲ್ಲಿಯವರೆಗೆ: ಒಸರುವ ರಕ್ತ, ತಿಳಿ ದ್ರವ ಹೀರಿಕೊಳ್ಳುವುದು, ಕೈ ಮತ್ತು ಬಟ್ಟೆ ಗಾಯಕ್ಕೆ ತಾಗದಂತೆ ನೋಡಿಕೊಳ್ಳುವುದು. ಹೀಗೆ ಮುಚ್ಚಿದ ಗಾಯಕ್ಕೆ ಸೋಂಕು ತಡೆಯಲೆಂದು ಸಾದಾ ಡ್ರೆಸ್ಸಿಂಗ್ ಬಿಟ್ಟು ದುಬಾರಿಯದನ್ನು ಹಾಕಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರ ಮಾರ್ಗಸೂಚಿಯಲ್ಲೇ ಹೇಳಿದೆ. ಆದ್ದರಿಂದ ಕೆಳಗಿನ ವ್ಯತ್ಯಾಸವೆಲ್ಲ ಒಣಗಿರುವುದು, ಕೂತಿರುವುದು, ಕೀಳುವಾಗಿನ ನೋವು, ಒಳಗೆ ಏನಾಗುತ್ತಿದೆ ಎಂದು ಕಾಣುವುದು, ಇಷ್ಟಕ್ಕೆ ಸಂಬಂಧಿಸಿದ್ದು.

ಗಾಜ್ (ಜಾಳು ಹತ್ತಿಬಟ್ಟೆಯ ಮಡಿಕೆ) ಮತ್ತು ಅದನ್ನು ಹಿಡಿದಿಡುವ ಮೈಕ್ರೋಪೋರ್ ಟೇಪ್ ಎಲ್ಲಕ್ಕಿಂತ ಅಗ್ಗ, ಹಳ್ಳಿಯ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಮೊದಲ ದಿನದ ಒಸರನ್ನು ಚೆನ್ನಾಗಿ ಹೀರುತ್ತದೆ. ತೊಂದರೆ ಎರಡು. ಒಣಗಿದ ರಕ್ತದೊಂದಿಗೆ ಗಾಜ್ ಹೊಲಿಗೆಗೆ ಅಂಟಿಕೊಳ್ಳುತ್ತದೆ. ಎಳೆದರೆ ಆಗತಾನೇ ಕೂಡಿದ ಚರ್ಮವೂ ಕಿತ್ತು ಬರುತ್ತದೆ. ಸಲೈನ್ ಹಾಕಿ ಎರಡು ಮೂರು ನಿಮಿಷ ನೆನೆಸಿ ಬಿಡಿಸಬೇಕು. ಎರಡನೆಯದು, ಒಳಗಿನ ಒದ್ದೆ ಹೊರ ಪದರಕ್ಕೆ ಬಂದು ಕಂಡ ಕ್ಷಣದಿಂದ ಆ ಗಾಜ್ ರಕ್ಷಣೆ ಕೊಡುವುದಿಲ್ಲ. ಹೊರಗಿನ ರೋಗಾಣು ಒಳಗೆ ಇಳಿಯಲು ಆ ಒದ್ದೆಯೇ ದಾರಿ. ಮೇಲಿಂದ ಇನ್ನೊಂದು ಪದರ ಸೇರಿಸಿ ಸುಮ್ಮನಾಗುವುದು ತಪ್ಪು, ಪೂರ್ತಿ ಬದಲಿಸಬೇಕು. ಗಾಜ್ ಇಲ್ಲವೆಂದು ಹತ್ತಿಯನ್ನು ನೇರ ಗಾಯದ ಮೇಲೆ ಇಡಲೇಬಾರದು. ಎಳೆಗಳು ಹೊಲಿಗೆಯಲ್ಲಿ ಸಿಕ್ಕಿ ಉಳಿಯುತ್ತವೆ.

ಪ್ಯಾಡ್ ಇರುವ ಅಂಟುಪಟ್ಟಿ, ಅಂದರೆ ಪ್ರೈಮಾಪೋರ್ ತರಹದ್ದು: ನಡುವೆ ಹೀರುವ ಪ್ಯಾಡ್, ಸುತ್ತ ಅಂಟಿನ ಬಟ್ಟೆ. ಮೊದಲ ಎರಡು ದಿನಕ್ಕೆ ನಮ್ಮ ಆಯ್ಕೆ ಇದೇ. ಪ್ಯಾಡ್‌ನ ಒಳಮೈ ಗಾಯಕ್ಕೆ ಅಂಟದಂತೆ ಮಾಡಿರುವುದರಿಂದ ಕೀಳುವಾಗ ನೋವು ಕಡಿಮೆ. ಅಳತೆಯಲ್ಲಿ ಜಿಪುಣತನ ಬೇಡ. ಪ್ಯಾಡ್ ಗೆರೆಗಿಂತ ಎರಡೂ ತುದಿಯಲ್ಲಿ ಕನಿಷ್ಠ 2 ಸೆಂ.ಮೀ. ಉದ್ದವಿರಬೇಕು. ಚಿಕ್ಕದನ್ನು ತಂದು ಅಂಟಿನ ಭಾಗವನ್ನು ಹೊಲಿಗೆಯ ಮೇಲೇ ಕೂರಿಸಿದರೆ ಕೀಳುವಾಗ ದಾರವೂ ಎಳೆಯುತ್ತದೆ. ಅಂಟಿಸುವಾಗ ಎಳೆದು ಬಿಗಿ ಮಾಡಬಾರದು; ನಡುವಿನಿಂದ ಅಂಚಿನತ್ತ ಅಂಗೈಯಲ್ಲಿ ಒತ್ತುತ್ತಾ ಹೋಗಬೇಕು. ಎಳೆದು ಅಂಟಿಸಿದ ಪಟ್ಟಿ ಹಿಂದಕ್ಕೆ ಜಗ್ಗುತ್ತದೆ. ಹೊಟ್ಟೆ ಉಬ್ಬರಿಸಿದಾಗ ಅದರ ಅಂಚಿನಡಿಯ ಚರ್ಮ ನೀರುಗುಳ್ಳೆ ಏಳುತ್ತದೆ. ಅದನ್ನು ನೋಡಿದವರು ಅಂಟಿಗೆ ಅಲರ್ಜಿ ಅನ್ನುತ್ತಾರೆ. ಗುಳ್ಳೆ ಅಂಚಿನ ಗೆರೆಯಲ್ಲಷ್ಟೇ ಇದ್ದರೆ ಕಾರಣ ಬಹುಮಟ್ಟಿಗೆ ಎಳೆತ. ಅಂಟು ತಾಗಿದ ಜಾಗವೆಲ್ಲ ಕೆಂಪಾಗಿ ತುರಿಸಿದರೆ ಅಲರ್ಜಿ.

ಪಾರದರ್ಶಕ ಫಿಲ್ಮ್, ಟೆಗಾಡರ್ಮ್ ಬಗೆಯದು. ತೆಗೆಯದೆಯೇ ಗಾಯ ಕಾಣುತ್ತದೆ, ಇದೊಂದು ದೊಡ್ಡ ಅನುಕೂಲ. ಹೊರಗಿನ ನೀರು ಒಳಗೆ ಬರುವುದಿಲ್ಲ, ಒಳಗಿನ ಆವಿ ಹೊರಗೆ ಹೋಗುತ್ತದೆ. ಆದರೆ ಪ್ಯಾಡ್ ಇಲ್ಲದ ಫಿಲ್ಮ್ ಒಂದು ಹನಿಯನ್ನೂ ಹೀರುವುದಿಲ್ಲ. ಒಸರು ಇರುವ ಗಾಯದ ಮೇಲೆ ಹಾಕಿದರೆ ಕೆಳಗೆ ಮಂಕಾದ ದ್ರವ ನಿಲ್ಲುತ್ತದೆ, ಮನೆಯವರು ಕೀವೆಂದು ಗಾಬರಿಯಾಗುತ್ತಾರೆ. ಬಟ್ಟೆ ಒಗೆದ ಬೆರಳಿನಂತೆ ಸುತ್ತಲಿನ ಚರ್ಮ ಬಿಳಿಚಿ ಸುಕ್ಕಾಗುತ್ತದೆ. ಹಾಗೆ ಮೆತ್ತಗಾದ ಚರ್ಮ ಬೇಗ ಬಿರಿಯುತ್ತದೆ. ಮಡಿಕೆಯ ಬೆವರು ಫಿಲ್ಮ್ ಹೊರಬಿಡುವುದಕ್ಕಿಂತ ಬೇಗ ಸೇರುವುದರಿಂದ ಕೆಳಗಿನ ಅಂಚು ಸುರುಳಿಯಾಗಿ ಏಳುತ್ತದೆ. ಅಲ್ಲಿಂದ ದ್ರವ ಜಿನುಗಿತೆಂದರೆ ಫಿಲ್ಮ್ ತೆಗೆಯುವ ಸಮಯ ಬಂತು. ತೆಗೆಯುವಾಗ ಮೇಲಕ್ಕೆ ಕೀಳಬೇಡಿ. ಅಂಚನ್ನು ಹಿಡಿದು ಚರ್ಮಕ್ಕೆ ಸಮಾನಾಂತರವಾಗಿ ರಬ್ಬರ್‌ನಂತೆ ಎಳೆಯಿರಿ, ಅಂಟು ತಾನೇ ಬಿಡುತ್ತದೆ. ತೆಳ್ಳಗಿನ ಹೊಟ್ಟೆ, ಒಣ ಗಾಯ, ತಂಪು ಊರು ಆದರೆ ಇದು ಒಳ್ಳೆಯದೇ. ಕರಾವಳಿಯ ಮೇ ತಿಂಗಳಿಗೆ ಅಲ್ಲ.

ಹೈಡ್ರೋಕೊಲಾಯ್ಡ್, ಅಂದರೆ ಒಸರು ಹೀರಿ ಲೋಳೆಯಾಗುವ ಅಂಟುಪಟ್ಟಿ, ಈ ಗಾಯಕ್ಕೆ ಬೇಡ. ಮೇಲ್ಪದರ ಕಿತ್ತು ತೆರೆದಿರುವ, ಸ್ವಲ್ಪವೇ ಒಸರುವ ಗಾಯಕ್ಕೆ ಅದು ಒಳ್ಳೆಯದು. 1962ರಲ್ಲಿ ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಮೇಲಿನ ಪ್ರಯೋಗದಲ್ಲಿ, ತೇವ ಉಳಿಸಿದ ಗಾಯ ಹಕ್ಕಳೆ ಕಟ್ಟಿದ ಗಾಯಕ್ಕಿಂತ ಬೇಗ ಮೇಲ್ಚರ್ಮ ಹೊದೆಯುತ್ತದೆ ಎಂದು ತೋರಿಸಿದ ಮೇಲೆ ಬೆಳೆದ ವಿಚಾರ ಇದು. ಹೊಲಿದ ಗೆರೆಗೆ ಆ ಲಾಭ ಹೆಚ್ಚಿಲ್ಲ. ಮೇಲಾಗಿ ಒಸರು ಹೀರಿದ ಹೈಡ್ರೋಕೊಲಾಯ್ಡ್ ಹಳದಿ ಲೋಳೆಯಾಗಿ ವಾಸನೆ ಹೊಡೆಯುತ್ತದೆ. ಸೋಂಕು ಯಾವುದು, ಲೋಳೆ ಯಾವುದು ಎಂದು ಅನುಭವಿ ನರ್ಸ್ ಕೂಡ ತೊಳೆದೇ ಹೇಳಬೇಕಾಗುತ್ತದೆ.

ಡ್ರೆಸ್ಸಿಂಗ್ ಯಾವುದೇ ಇರಲಿ, ದಿನಾ ಬಿಚ್ಚಿ ಬೀಟಾಡಿನ್ ಹಚ್ಚಿ ಹೊಸದು ಕಟ್ಟುವ ಅಭ್ಯಾಸ ಬಿಡಲೇಬೇಕು. ಒಣಗಿ ಗಟ್ಟಿಯಾಗಿ ಕೂತಿದ್ದರೆ 48 ಗಂಟೆ ಮುಟ್ಟಬೇಡಿ. ಬಿಚ್ಚಿದ ಪ್ರತಿ ಸಲವೂ ಕೈ ಗಾಯದ ಹತ್ತಿರ ಹೋಗುತ್ತದೆ. ಹೊಲಿದು ಮುಚ್ಚಿದ ಗಾಯಕ್ಕೆ ಆಂಟಿಬಯೋಟಿಕ್ ಪುಡಿ, ಮುಲಾಮು ಯಾವುದೂ ಬೇಕಿಲ್ಲ. ಪುಡಿ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ, ಅದರಡಿ ಕೀವು ಕೂಡಿದ್ದರೂ ಕಾಣದು. ಅರಿಶಿನವೂ ಹಾಗೆಯೇ: ಹಳದಿಯ ಕೆಳಗೆ ಚರ್ಮ ಕೆಂಪಾಗಿದ್ದು ತಿಳಿಯುವುದಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ರೋಗಾಣುವಿನ ಜೊತೆಗೆ ಗಾಯ ಕಟ್ಟುವ ಜೀವಕೋಶಗಳನ್ನೂ ಕೊಲ್ಲುತ್ತದೆ.

ಬದಲಿಸಲೇಬೇಕಾದಾಗ ಹೀಗೆ ಮಾಡಿ. ಸೋಪಿನಿಂದ ಕೈ ತೊಳೆದು ಹಳೆಯದನ್ನು ತೆಗೆಯಿರಿ, ಮತ್ತೆ ಕೈ ತೊಳೆಯಿರಿ. ಹೆಚ್ಚಿನವರು ಈ ಎರಡನೇ ತೊಳೆತವನ್ನೇ ಬಿಡುತ್ತಾರೆ. ಸಲೈನ್‌ನಲ್ಲಿ ಅದ್ದಿದ ಗಾಜ್‌ನಿಂದ ಗೆರೆಯ ಮೇಲೆ ಒಂದು ಸಲ, ಹೊಸ ತುಂಡಿನಿಂದ ಪಕ್ಕದಲ್ಲಿ ಒಂದು ಸಲ. ಪಕ್ಕ ಒರೆಸಿದ ತುಂಡು ಮತ್ತೆ ಗೆರೆಗೆ ಬರಬಾರದು. ಚರ್ಮ ಪೂರ್ತಿ ಆರಲಿ. ಹೊಸ ಪ್ಯಾಡ್‌ನ ನಡುಭಾಗಕ್ಕೆ ಬೆರಳು ತಾಗಿಸದೆ ಅಂಚಿನಲ್ಲಿ ಹಿಡಿದು ಕೂರಿಸಿ. 100 ಮಿ.ಲೀ. ಸಲೈನ್ ಬಾಟಲಿಯಲ್ಲಿ ಉಳಿದದ್ದನ್ನು ವಾರವಿಡೀ ಇಟ್ಟು ಬಳಸಬೇಡಿ, ಚೆಲ್ಲಿಬಿಡಿ.

48 ಗಂಟೆ ಕಳೆದ ಮೇಲೆ ಗಾಯ ಒಣಗಿದ್ದರೆ, ವೈದ್ಯರು ಬೇರೆ ಹೇಳದಿದ್ದರೆ, ಏನೂ ಮುಚ್ಚದೆ ಬಿಡುವುದೇ ಐದನೆಯ ಆಯ್ಕೆ. ಸೆಕೆಯ ಊರಲ್ಲಿ ಅದೇ ಮೇಲು. ಬಾಣಂತಿ ಸ್ನಾನ ಮಾಡಬಹುದು, ಆದರೆ ಹಂಡೆಯ ಸುಡುನೀರನ್ನು ಚೊಂಬಿನಲ್ಲಿ ಎತ್ತಿ ಹೊಟ್ಟೆಗೆ ಬಡಿಯುವಂತೆ ಹೊಯ್ಯುವುದು ಬೇಡ. ಎಣ್ಣೆ ಗೆರೆಯಿಂದ ದೂರವಿರಲಿ. ಒಗೆದು ಬಿಸಿಲಿಗೆ ಒಣಗಿಸಿದ ಬೇರೆ ಬಟ್ಟೆಯಿಂದ ಮಡಿಕೆ ಎತ್ತಿ ಒತ್ತಿ ಒರೆಸಿ, ಹತ್ತು ನಿಮಿಷ ಗಾಳಿಗೆ ಬಿಡಿ, ಆಮೇಲೆ ಬಟ್ಟೆ ಹಾಕಿ. ಒದ್ದೆ ಮೈಯಲ್ಲೇ ಹೊಟ್ಟೆಗೆ ಸೀರೆ ಸುತ್ತಿ ಬಿಗಿದರೆ ಮೇಲಿನ ಎಚ್ಚರವೆಲ್ಲ ವ್ಯರ್ಥ. ಬೇಳೆ, ಸೊಪ್ಪು ನಂಜು ಎಂದು ನಿಲ್ಲಿಸಬೇಡಿ. ಗಾಯ ಮಾಯಲು ಪ್ರೋಟೀನ್ ಬೇಕು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಸಕ್ಕರೆ ಹಿಡಿತದಲ್ಲಿ ಇಲ್ಲದಿದ್ದರೆ ಯಾವ ಡ್ರೆಸ್ಸಿಂಗ್ ಕೂಡ ಕೈ ಹಿಡಿಯದು.

ಸೋಂಕು ಸಾಮಾನ್ಯವಾಗಿ ಕಾಣಿಸುವುದು ಐದನೇ ದಿನದಿಂದ ಹತ್ತನೇ ದಿನದೊಳಗೆ, ಅಂದರೆ ಮನೆಗೆ ಬಂದ ಮೇಲೆ. ಕೆಂಪು ಕಂಡರೆ ಅದರ ಅಂಚಿಗೆ ಬಾಲ್ ಪೆನ್ನಿನಲ್ಲಿ ಗೆರೆ ಎಳೆದು ಸಮಯ ಬರೆಯಿರಿ. ಕೆಂಪು ಆ ಪೆನ್ನಿನ ಗೆರೆಯನ್ನು ದಾಟಿದರೆ, ನೋವು ಇಳಿಯುವ ಬದಲು ಏರಿದರೆ, ಕೀವು, ದುರ್ವಾಸನೆ, 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಒಣಗಿದ್ದ ಗಾಯದಿಂದ ಇದ್ದಕ್ಕಿದ್ದಂತೆ ತಿಳಿಗುಲಾಬಿ ನೀರು ಹರಿದು ಬಟ್ಟೆ ತೋಯಿಸಿದರೆ ಒಳಗಿನ ಹೊಲಿಗೆಯ ಪದರ ಬಿಟ್ಟಿರಬಹುದು. ಆಗ ಹೊಸ ಡ್ರೆಸ್ಸಿಂಗ್ ಹುಡುಕುತ್ತ ಕೂರಬೇಡಿ: ಬಾಣಂತಿಯನ್ನು ಮಲಗಿಸಿ, ಸಲೈನ್‌ನಲ್ಲಿ ತೋಯಿಸಿದ ಶುದ್ಧ ಗಾಜ್ ಮೇಲೆ ಹೊದಿಸಿ, ಕುಡಿಯಲು ತಿನ್ನಲು ಏನೂ ಕೊಡದೆ ತಕ್ಷಣ ಆಪರೇಷನ್ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ.