ತುಡುವೆ ಕೊಡದ ಅಂಟು: ಮಡಿಕೇರಿ ಅಂಗಡಿಯ ಒಂದು ಪ್ರೊಪೊಲಿಸ್ ಬಾಟಲಿ

ಮಡಿಕೇರಿಯ ಮಸಾಲೆ ಅಂಗಡಿಯೊಂದರಲ್ಲಿ ಕರಿಮೆಣಸು, ಕಾಚಂಪುಳಿಯ ಪಕ್ಕ ಸಿಕ್ಕ ಪ್ರೊಪೊಲಿಸ್, ಅಂದರೆ ಜೇನುಹುಳು ಗೂಡಿಗೆ ಮೆತ್ತುವ ಅಂಟಿನ ಬಾಟಲಿ ಇದು. 30 ಮಿಲಿ, ಕಂದು ಗಾಜು, ಮುಚ್ಚಳಕ್ಕೇ ಡ್ರಾಪರ್. ಲೇಬಲ್ಲಿನ ಮೇಲೆ ಮೂರು ಮಾತು: 'ಕೊಡಗಿನ ತುಡುವೆ ಜೇನಿನ ಪ್ರೊಪೊಲಿಸ್, 10%', 'ಟೆನ್ಷನ್‌ನಿಂದ ಹೊಟ್ಟೆಗಾಗುವ ಹಾನಿಗೆ ನೈಸರ್ಗಿಕ ಕವಚ', '20 ಹನಿ, ದಿನಕ್ಕೆರಡು ಸಲ, ಖಾಲಿ ಹೊಟ್ಟೆಗೆ'. ಮೊದಲನೇ ಮಾತಲ್ಲೇ ಎಡವಟ್ಟು.

ತುಡುವೆ, ಅಂದರೆ ನಮ್ಮ ನಾಡಿನ ಪೆಟ್ಟಿಗೆ ಜೇನು, ಪ್ರೊಪೊಲಿಸ್ ಕೂಡಿಡುವ ಹುಳುವಲ್ಲ. ಅದರ ಪೆಟ್ಟಿಗೆ ತೆರೆದರೆ ಫ್ರೇಮು ಸಲೀಸಾಗಿ ಎದ್ದು ಬರುತ್ತದೆ. ಸಂದಿಯಲ್ಲಿ ಇರುವುದು ಬರೀ ಮೇಣ. ಯೂರೋಪಿನಿಂದ ಬಂದ ಮೆಲ್ಲಿಫೆರಾ ಜೇನಿನ ಪೆಟ್ಟಿಗೆಯಾದರೆ ಫ್ರೇಮಿನ ಎರಡೂ ತುದಿ ಕಚ್ಚಿಕೊಂಡಿರುತ್ತವೆ, ಉಳಿಯಂಥ ಪಟ್ಟಿ ಹಾಕಿ ಮೀಟಿದಾಗ ಟಪ್ಪೆಂದು ಬಿಡುತ್ತವೆ. ಆ ಕಂದು ಅಂಟೇ ಪ್ರೊಪೊಲಿಸ್. ಮೊಗ್ಗು, ತೊಗಟೆಗಳ ರಾಳವನ್ನು ಹಿಂಗಾಲಿಗೆ ಮೆತ್ತಿಕೊಂಡು ಬಂದು, ಮೇಣ ಬೆರೆಸಿ ಹುಳುಗಳು ಮಾಡುವ ಗಾರೆ ಅದು. ಸುಮಾರು ಅರ್ಧ ಪಾಲು ರಾಳ, ಮೂರರಲ್ಲೊಂದು ಪಾಲು ಮೇಣ, ಉಳಿದದ್ದು ಸುಗಂಧ ತೈಲ, ಪರಾಗ, ಕಸ. ನಮ್ಮ ಕಡೆ ರಾಳ ಹೊರುವ ಇನ್ನೊಂದು ಹುಳು ಮುಜಂಟಿ, ಗೋಡೆ ಸಂದಿಯಲ್ಲಿ ಕೊಳವೆಯಂಥ ಬಾಗಿಲು ಕಟ್ಟಿಕೊಳ್ಳುವ, ಕುಟುಕದ ಪುಟ್ಟ ಜೇನು. ಹಾಗಾಗಿ ಈ ಬಾಟಲಿಯಲ್ಲಿರುವುದು ಮೆಲ್ಲಿಫೆರಾ ಅಂಟೋ, ಮುಜಂಟಿಯದೋ, ಹೊರಗಿನಿಂದ ತರಿಸಿದ ಪುಡಿಯೋ ಆಗಿರಬೇಕು, ತುಡುವೆಯದಂತೂ ಅಲ್ಲ.

ಯಾವುದಾದರೇನು ಎನ್ನುವಂತಿಲ್ಲ. ಪ್ರೊಪೊಲಿಸ್‌ನ ಗುಣ ಬಹುಪಾಲು ಮರದ್ದು. ಯೂರೋಪಿನ ಪಾಪ್ಲರ್ ಮರದ ಮೊಗ್ಗಿನ ಅಂಟಿನಲ್ಲಿ ಕೆಫೀಕ್ ಆಮ್ಲದ ಎಸ್ಟರ್ ಎಂಬ ರಾಸಾಯನಿಕ ಒಂದು ಹೆಸರುವಾಸಿ (ಕಾಫಿಯ ಕೆಫೀನ್ ಬೇರೆ, ಇದು ಬೇರೆ). ಬ್ರೆಜಿಲ್‌ನ ಹಸಿರು ಪ್ರೊಪೊಲಿಸ್‌ನಲ್ಲಿ ಆರ್ಟೆಪಿಲಿನ್-ಸಿ ಎಂಬ ಬೇರೊಂದು. ಅಲ್ಲಿನ ಅಂಟಿಗೆ ಬಂದ ಫಲಿತಾಂಶವನ್ನು ಇಲ್ಲಿನ ಬಾಟಲಿಯ ಲೇಬಲ್ಲಿಗೆ ಅಂಟಿಸಲು ಬರುವುದಿಲ್ಲ.

ಇನ್ನು 'ಕವಚ'. ಒತ್ತಡಕ್ಕೆ ಸಿಕ್ಕ ಇಲಿಗಳ ಜಠರದಲ್ಲಿ ಹುಣ್ಣಾಗುವುದನ್ನು 1936ರಲ್ಲಿ ವಿಜ್ಞಾನಿ ಹಾನ್ಸ್ ಸೆಲ್ಯೆ ವರದಿ ಮಾಡಿದರು. ಆಮೇಲಿನ ಪ್ರಯೋಗಗಳಲ್ಲಿ ಇಲಿಯನ್ನು ಅಲುಗಾಡದಂತೆ ಕಟ್ಟಿ, ಕೆಲವೊಮ್ಮೆ ತಣ್ಣೀರಲ್ಲೂ ನಿಲ್ಲಿಸಿ ಇದನ್ನೇ ತರಿಸುತ್ತಾರೆ: ಜಠರದ ಒಳಪದರಕ್ಕೆ ರಕ್ತ ಕಡಿಮೆಯಾಗುತ್ತದೆ, ಲೋಳೆ ತೆಳುವಾಗುತ್ತದೆ, ಆಮ್ಲ ಕೊರೆಯುತ್ತದೆ. ಪ್ರೊಪೊಲಿಸ್ ಮೊದಲೇ ಕುಡಿಸಿದ ಇಲಿಗಳಲ್ಲಿ ಗಾಯ ಕಡಿಮೆ ಕಂಡಿದೆ. ಅದು ಸುಳ್ಳಲ್ಲ. ಎಡವುವುದು ಪ್ರಮಾಣದಲ್ಲಿ. ಇಲಿಗೆ ಕೊಟ್ಟದ್ದು ಕೆ.ಜಿ. ತೂಕಕ್ಕೆ 250 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಮನುಷ್ಯನಿಗೆ ಹೊಂದಿಸಲು ವಾಡಿಕೆಯಂತೆ 6.2ರಿಂದ ಭಾಗಿಸಿದರೆ ಕೆ.ಜಿ.ಗೆ 40, 60 ಕೆ.ಜಿ. ಆಸಾಮಿಗೆ 2.4 ಗ್ರಾಂ. ಇಪ್ಪತ್ತು ಹನಿ ಅಂದರೆ ಹೆಚ್ಚೆಂದರೆ 1 ಮಿಲಿ, 10% ಲೆಕ್ಕದಲ್ಲಿ 100 ಮಿಲಿಗ್ರಾಂ. ಇಲಿಯ ಪಾಲು ನಮಗೆ ಸಿಗಬೇಕಾದರೆ ದಿನಕ್ಕೆ 24 ಮಿಲಿ, ಹೆಚ್ಚುಕಡಿಮೆ ಇಡೀ ಬಾಟಲಿ. ಹಾಗೆ ಯಾರೂ ಕುಡಿಯಬಾರದು, ಲೆಕ್ಕ ಎಲ್ಲಿ ನಿಂತಿದೆ ಎಂದು ತೋರಿಸಲಿಕ್ಕಷ್ಟೇ.

ಆ 10% ಕೂಡ ನಿಜವೇ? ಗಾಜಿನ ಲೋಟದ ನೀರಿಗೆ ನಾಲ್ಕು ಹನಿ ಬಿಟ್ಟರೆ ಒಳ್ಳೆಯ ಟಿಂಚರ್ (ಆಲ್ಕೋಹಾಲ್‌ನಲ್ಲಿ ನೆನೆಸಿ ತೆಗೆದ ಸಾರ) ಕೂಡಲೇ ಹಾಲಿನಂತೆ ಕದಡುತ್ತದೆ, ಲೋಟದ ಅಂಚಿಗೆ ಹಳದಿ ಗೆರೆ ಹಿಡಿಯುತ್ತದೆ. ನೀರು ತಿಳಿಯಾಗಿಯೇ ಉಳಿದು ಬಣ್ಣ ಮಾತ್ರ ಬಂದರೆ ರಾಳ ನಾಮಕಾವಸ್ತೆ, ಅಥವಾ ಅದು ಆಲ್ಕೋಹಾಲ್ ಬದಲು ಗ್ಲೈಕಾಲ್ ಎಂಬ ದ್ರವದಲ್ಲಿ ಮಾಡಿದ ಸರಕು. ಇದು ಕದಡಿತು, ಗೆರೆಯೂ ಬಂತು. ಅಷ್ಟು ಅಂಕ ಕೊಡಲೇಬೇಕು. ಮುಂದಿನ ಪರೀಕ್ಷೆಗೆ 5 ಮಿಲಿಯನ್ನು ತೂಕ ನೋಡಿದ ಸ್ಟೀಲ್ ತಟ್ಟೆಗೆ ಹಾಕಿ, ಒಲೆ ಆರಿಸಿದ ಮೇಲೆ ಬಿಸಿನೀರಿನ ಪಾತ್ರೆಯ ಮೇಲಿಟ್ಟು ಆರಿಸಬೇಕು. ಉರಿಯ ಹತ್ತಿರ ಒಯ್ದರೆ ಆಲ್ಕೋಹಾಲ್ ಹೊತ್ತಿಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಸುಮ್ಮನಿಟ್ಟರೆ ಒಣಗುವುದೂ ಇಲ್ಲ. ಅರ್ಧ ಗ್ರಾಂ ಉಳಿಯಬೇಕಿತ್ತು, ಉಳಿದದ್ದು ಅದರ ಅರ್ಧದಷ್ಟು. ಮೋಸವೆಂದೇ ಹೇಳಲಾಗದು: 100 ಮಿಲಿಗೆ 10 ಗ್ರಾಂ ಹಸಿ ಅಂಟು ನೆನೆಹಾಕಿ, ಮೇಣ ಸೋಸಿ, ಆಮೇಲೂ 10% ಎಂದೇ ಬರೆಯುವವರಿದ್ದಾರೆ. ಹಾಗಾದರೆ ಮೇಲಿನ 100 ಮಿಲಿಗ್ರಾಂ 50 ಆಯಿತು.

ಖಾಲಿ ಹೊಟ್ಟೆಗೆ ಎಂಬ ಸೂಚನೆ ಮಾತ್ರ ತೀರಾ ಅತಿಯಾಯಿತು. ಒಳಗಿರುವುದು 70% ಆಲ್ಕೋಹಾಲ್. ಗ್ಯಾಸ್ಟ್ರಿಕ್‌ನಿಂದ ಕೆರಳಿದ ಹೊಟ್ಟೆಗೆ ಬೆಳಿಗ್ಗೆ ಎದ್ದ ಕೂಡಲೇ ಇದನ್ನು ನೀರು ಬೆರೆಸದೆ ಬಿಟ್ಟರೆ ಉರಿ ಹೆಚ್ಚದೆ ಇನ್ನೇನಾಗುತ್ತದೆ? ತೆಗೆದುಕೊಳ್ಳಲೇಬೇಕೆಂದಿದ್ದರೆ ಅರ್ಧ ಲೋಟ ನೀರಿಗೆ ಹಾಕಿ, ಊಟದ ನಂತರ. ಅದಕ್ಕೂ ಮೊದಲು ಮೊಣಕೈಯ ಒಳಬದಿಗೆ ಒಂದು ಹನಿ ಹಚ್ಚಿ ಎರಡು ದಿನ ನೋಡಿ. ಪ್ರೊಪೊಲಿಸ್ ಚರ್ಮದ ಅಲರ್ಜಿಗೆ ಕುಖ್ಯಾತ, ಬಾಯೊಳಗೆ ಹುಣ್ಣೆಬ್ಬಿಸಿದ್ದೂ ಉಂಟು. ಜೇನಿನ ಪದಾರ್ಥ ಆಗದವರು, ಬಸುರಿಯರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಮುಟ್ಟದಿರುವುದೇ ಒಳ್ಳೆಯದು.

ಟೆನ್ಷನ್ ಆದರೆ ಎದೆಉರಿ, ಸಂಕಟ ಜಾಸ್ತಿಯಾಗುತ್ತದೆ, ನಿಜ. ಆದರೆ ವೈದ್ಯರು 'ಸ್ಟ್ರೆಸ್ ಅಲ್ಸರ್' ಎನ್ನುವುದು ಐಸಿಯುನಲ್ಲಿ ಮಲಗಿದವರ, ಸುಟ್ಟ ಗಾಯದವರ, ತಲೆಗೆ ಪೆಟ್ಟಾದವರ ಹುಣ್ಣಿಗೆ. ಉಳಿದವರ ಹುಣ್ಣಿಗೆ ಮುಖ್ಯ ಕಾರಣ ಎರಡು. ಒಂದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ; ಅದನ್ನು ಗುರುತಿಸಿದ ಮಾರ್ಷಲ್ ಮತ್ತು ವಾರನ್‌ಗೆ 2005ರಲ್ಲಿ ನೊಬೆಲ್ ಬಂತು. ಇನ್ನೊಂದು ನೋವಿನ ಮಾತ್ರೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲಲ್ಲಿ ಬೆನ್ನು ಹಿಡಿದು, ಒಂದು ಲೋಟ ಬೆಲ್ಲದ ಕಾಫಿಯ ಮೇಲೆ ಡೈಕ್ಲೋಫೆನಾಕ್ ನುಂಗಿ ತೋಟಕ್ಕಿಳಿಯುವವರ ಹೊಟ್ಟೆಯನ್ನು ಈ ಹನಿ ಕಾಯುವುದಿಲ್ಲ. ಮಲ ಟಾರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಬಾಟಲಿ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಬೇಕು.

ಮನೆಯಲ್ಲೇ ಮಾಡುತ್ತೇವೆ ಎನ್ನುವವರು ಅಂಟನ್ನು ಫ್ರೀಜರ್‌ನಲ್ಲಿಟ್ಟು ಗಟ್ಟಿಯಾದ ಮೇಲೆ ಪುಡಿ ಮಾಡಿ, ಕತ್ತಲಲ್ಲಿ ಎರಡು ವಾರ ಆಲ್ಕೋಹಾಲ್‌ನಲ್ಲಿ ನೆನೆಸಿ, ದಿನಾ ಕುಲುಕಿ, ಸೋಸಿ, ಮತ್ತೆ ಫ್ರಿಜ್‌ನಲ್ಲಿಟ್ಟು ಕೆಳಗೆ ಕೂತ ಮೇಣವನ್ನು ಇನ್ನೊಮ್ಮೆ ಸೋಸುತ್ತಾರೆ. 42.8%ರ ಬ್ರಾಂದಿಯಲ್ಲಿ ರಾಳ ಪೂರ್ತಿ ಕರಗುವುದಿಲ್ಲ. ಸರ್ಜಿಕಲ್ ಸ್ಪಿರಿಟ್, ಸ್ಯಾನಿಟೈಸರ್ ಬಳಸುವ ಯೋಚನೆಯೇ ಬೇಡ, ಅವು ಕುಡಿಯುವವಲ್ಲ.

ಐದಕ್ಕೆ ಎರಡು ಅಂಕ. ಆ ಎರಡೂ ಲೋಟದಲ್ಲಿ ಕದಡಿದ್ದಕ್ಕೆ. ಹನಿ ಬಿಳಿ ಬಟ್ಟೆಗೆ ತಾಗದಂತೆ ನೋಡಿಕೊಳ್ಳಿ. ಅಡುಗೆಕಟ್ಟೆಗೆ ಬಿದ್ದರೆ ಸೋಪಿಗೆ ಜಗ್ಗುವುದಿಲ್ಲ. ಸರ್ಜಿಕಲ್ ಸ್ಪಿರಿಟ್ ಅಲ್ಲಿ ಬೇಕಾದರೆ ಬಳಸಿ.